ಟೇಪಣ್ಣನ ಟೋಪಿ

ತನ್ನ ತಲೆಗೆ ತಾನೇ ಯಜಮಾನ ಎಂದು ಟೇಪಣ್ಣ ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಶ್ಶನ್ನು ಕತ್ತಿಯ ಹಾಗೆ ಎತ್ತಿ ಹಿಡಿದು. ಸದಾ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡಿರುವ ಈ ಟೈಲರಿಗೆ ಬೀದಿಯವರು ಇಟ್ಟ ಹೆಸರದು. ಘೋಷಣೆಗೆ ಕಾರಣ ಹೆಂಡತಿ. ಮದುವೆಯ ಫೋಟೋದ ಧೂಳು ಒರೆಸುತ್ತ ಆಕೆ, ನಿಮ್ಮ ಹೊಟ್ಟೆ ಬದಲಾಯಿತು, ಹಲ್ಲು ಬದಲಾಯಿತು, ಕ್ರಾಪು ಮಾತ್ರ ಹಾಗೇ ಇದೆ ಎಂದಿದ್ದಳು.

"ಬೇರೆ ಕಡೆ ಹೋಗಿ ಮಾಡಿಸ್ಕೊಳ್ಳಕ್ಕೆ ನಿಮಗೆಲ್ಲಿದೆ ಧೈರ್ಯ? ಎದುರಂಗಡಿ ಅಣ್ಣ ಏನಂದ್ಕೋತಾರೋ ಅಂತ ಭಯ."

"ನಂಗಾ ಭಯ? ತಲೆ ನಂದು ಕಣೇ."

ಎದುರಂಗಡಿ ಅಣ್ಣ ಎಂದರೆ ಕ್ಷೌರಿಕ. ಟೇಪಣ್ಣನ ಹೊಲಿಗೆಯಂಗಡಿ ಬೀದಿಯ ಈ ಬದಿಗೆ, ಅವನ ಕಟಿಂಗ್ ಶಾಪು ಆ ಬದಿಗೆ. ಇಬ್ಬರ ಹೊಟ್ಟೆಪಾಡೂ ಕತ್ತರಿಯಿಂದಲೇ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಶಾಪಿನ ಬೆಂಚಿನ ಮೇಲೆ ಕೂತು ಒಟ್ಟಿಗೆ ಟೀ ಕುಡಿಯುವುದು, ದಾರಿಯಲ್ಲಿ ಹೋಗುವವರ ಅಂಗಿಯನ್ನು ಒಬ್ಬ, ತಲೆಯನ್ನು ಇನ್ನೊಬ್ಬ ಆಡಿಕೊಳ್ಳುವುದು ಇಪ್ಪತ್ತು ವರ್ಷಗಳ ಪದ್ಧತಿ. ಟೇಪಣ್ಣನಿಗೆ ಗೆಳೆಯ ಅಂತ ಇದ್ದವನು ಅವನೊಬ್ಬನೇ. ಆದರೆ ಬ್ರಶ್ಶು ಎತ್ತಿ ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ!

ಬಸ್‌ ನಿಲ್ದಾಣದಾಚೆ ಗಾಜಿನ ಬಾಗಿಲಿನ ಹೊಸ ಸಲೂನು ತೆರೆದಿತ್ತು. ಕಳ್ಳನ ಹಾಗೆ ಅತ್ತ ಇತ್ತ ನೋಡಿ ಒಳಹೊಕ್ಕ. ಕುರ್ಚಿ ತಾನಾಗಿಯೇ ಹಿಂದಕ್ಕೆ ವಾಲಿತು. ಕತ್ತರಿ ಹಿಡಿದವನು ಯಾವ ಸ್ಟೈಲ್ ಬೇಕು ಎಂದು ಕೇಳಿದ. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಗೆಳೆಯನಿಗೆ ಆ ತಲೆ ಬಾಯಿಪಾಠವಾಗಿತ್ತು. ಗೊತ್ತಿಲ್ಲ ಎನ್ನಲು ಮರ್ಯಾದೆ ಅಡ್ಡ ಬಂತು. ನಿಮ್ಮಿಷ್ಟ ಎಂದು ಹೇಳಿ ಕಣ್ಣು ಮುಚ್ಚಿಕೊಂಡ. ನಿಮ್ಮಿಷ್ಟ ಎಂದು ಬಟ್ಟೆ ಕೊಟ್ಟು ಹೋದವರ ಗತಿ ಏನಾಗುತ್ತದೆ ಎಂಬುದು ಟೈಲರಾದವನಿಗೆ ಗೊತ್ತಿರಬೇಕಿತ್ತು.

ಕಣ್ಣು ತೆರೆದಾಗ ಎರಡೂ ಕಿವಿಗಳ ಮೇಲೆ ಬಟ್ಟಬಯಲು. ನಡುನೆತ್ತಿಯಲ್ಲಿ ಮಾತ್ರ ಒಂದಿಷ್ಟು ಕೂದಲು ಪಾತ್ರೆ ತಿಕ್ಕುವ ಬ್ರಶ್ಶಿನಂತೆ ನೆಟ್ಟಗೆ ನಿಂತಿತ್ತು. ಸಾಲದ್ದಕ್ಕೆ ಎಡಗಿವಿಯ ಮೇಲೊಂದು ಅಡ್ಡಗೆರೆ ಬೇರೆ. ಹೆಂಡತಿ ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡೇ ಮನೆಗೆ ಬಂದ. ಆಕೆ ನಗಲಿಲ್ಲ. ತುಂಬ ಹೊತ್ತು ನೋಡಿ ಮೆಲ್ಲಗೆ ಕೇಳಿದಳು: "ನೋವಾಯ್ತೇನ್ರೀ?"

ಹೊಲಿಗೆ ತಪ್ಪಿದರೆ ಬಿಚ್ಚಿ ಹಾಕಬಹುದು. ಕೂದಲಿಗೆ ಆ ಸೌಲಭ್ಯವಿಲ್ಲ. ಯಾರದೋ ಕೋಟು ಹೊಲಿದು ಉಳಿದಿದ್ದ ಕಂದು ಉಣ್ಣೆ ಬಟ್ಟೆಯಿಂದ ಕಿವಿ ಮುಚ್ಚುವ ಟೋಪಿಯೊಂದನ್ನು ಹೊಲಿದು ತೊಟ್ಟು, ಸೋಮವಾರ ಬೆವರು ಸುರಿಸುತ್ತ ಅಂಗಡಿ ತೆರೆದ. ಮಧ್ಯಾಹ್ನ ಬೆಂಚಿನ ಕಡೆ ಸುಳಿಯಲಿಲ್ಲ. ಕ್ಷೌರಿಕನೇ ಬಂದ. ಹಿಂದೆ ಟೀಯವನು ಎರಡು ಲೋಟ ಹಿಡಿದು ನಿಂತಿದ್ದ.

"ಈ ಸೆಕೇಲಿ ಇದೇನಣ್ಣ?"

"ತಲೇಲಿ ಸ್ವಲ್ಪ ಕಡಿತ."

"ನನ್ನ ಕೈಲಿ ಪಳಗಿದ ತಲೆ ಅದು. ತೋರಿಸು."

ಕೈ ಟೋಪಿಯತ್ತ ಬಂತು. ಟೇಪಣ್ಣ ಹೌಹಾರಿ, "ಮುಟ್ಟಬೇಡ, ಅಂಟುತ್ತೆ" ಎಂದುಬಿಟ್ಟ.

ಸದ್ಯ, ಬಚಾವಾದೆ ಅನ್ನಿಸಿತು. ಆದರೆ ಟೀಯವನು ಪ್ರತಿ ಅಂಗಡಿಗೂ ಲೋಟದ ಜೊತೆಗೆ ಸುದ್ದಿಯನ್ನೂ ಕೊಟ್ಟು ಬರುವವನು. ಸಂಜೆಯೊಳಗೆ ಕಡಿತ ಕಜ್ಜಿಯಾಯಿತು, ಮರುದಿನ ಕಜ್ಜಿಗೆ ಹುಳ ಬಿತ್ತು. ಪಕ್ಕದ ಮನೆಯ ಅಜ್ಜಿ ಯಾವುದೋ ಎಲೆ ಅರೆದು ಕಳಿಸಿದರು. ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ಟೇಪನ್ನು ಇತ್ತ ಎಸೆಯಿರಿ, ನಾನೇ ಅಳೆದುಕೊಳ್ಳುತ್ತೇನೆ ಎಂದ. ಟೇಪಣ್ಣ ಇದನ್ನೆಲ್ಲ ನಕ್ಕು ನುಂಗಿಕೊಂಡ. ಆಮೇಲೆ ಒಮ್ಮೆ ಸೂಜಿಗೆ ದಾರ ಪೋಣಿಸಲೆಂದು ಬೆಳಕಿನತ್ತ ತಿರುಗಿದಾಗ ಎದುರಂಗಡಿ ಕಣ್ಣಿಗೆ ಬಿತ್ತು. ಕುರ್ಚಿಗಳೆಲ್ಲ ಖಾಲಿ. ಕ್ಷೌರಿಕ ಒಬ್ಬನೇ ಕೂತು ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದ.

ವಿಷಯವನ್ನು ಹೆಂಡತಿ ತಂದಳು. ಟೇಪಣ್ಣನ ತಲೆ ಹೋಗುವುದು ಒಂದೇ ಅಂಗಡಿಗೆ, ಹಾಗಿದ್ದ ಮೇಲೆ ರೋಗ ಎಲ್ಲಿಂದ ಬಂತು ಎಂದು ಜನ ಮಾತಾಡಿಕೊಳ್ಳುತ್ತಿದ್ದರಂತೆ.

"ಆ ಅಣ್ಣನಾದ್ರೂ ಇಲ್ಲ ಅನ್ನಬಾರದಾ? 'ನನ್ನ ಬಾಚಣಿಗೆಯಿಂದ್ಲೇ ಬಂದಿರಬೇಕು, ಟೇಪಣ್ಣ ಬೇರೆ ಕಡೆ ಕಾಲಿಡೋನಲ್ಲ' ಅಂತ ಅವರೇ ಎಲ್ಲರ ಹತ್ರ ಹೇಳ್ತಿದ್ದಾರಂತೆ."

ಅಂದು ಮಧ್ಯಾಹ್ನ ಟೀ ಹೊತ್ತಿಗೆ ಟೇಪಣ್ಣ ಬೀದಿ ದಾಟಿದ. ಬೆಂಚಿನ ಮೇಲೆ ಗೆಳೆಯ ಒಬ್ಬನೇ ಕೂತಿದ್ದ, ಪಕ್ಕದಲ್ಲಿ ಇವನ ಜಾಗ ಹಾಗೇ ಖಾಲಿ ಬಿಟ್ಟು. ಟೇಪಣ್ಣ ಏನೋ ಹೇಳಲಿದ್ದಾನೆಂದು ಟೀಯವನು ನಿಂತ, ಅವನು ನಿಂತನೆಂದು ಇನ್ನೂ ಒಂದಿಬ್ಬರು ನಿಂತರು. ಟೇಪಣ್ಣ ಟೋಪಿ ಕಿತ್ತ.

"ರೋಗಾನೂ ಇಲ್ಲ, ಮಣ್ಣೂ ಇಲ್ಲ. ನಾನು ಕದ್ದು ಹೋಗಿ ಬೇರೆಯವನಿಗೆ ತಲೆ ಕೊಟ್ಟೆ. ನಿಂಗೆ ಹೇಳಕ್ಕೆ ಮುಖ ಇರಲಿಲ್ಲ ಕಣೋ."

ಸೇರಿದವರು ಒಬ್ಬೊಬ್ಬರಾಗಿ ಬಗ್ಗಿ ನೆತ್ತಿ ಪರೀಕ್ಷಿಸಿದರು. ಹುಳ ಹಾಗಿರಲಿ, ಹೊಟ್ಟೂ ಇರಲಿಲ್ಲ. ಒಬ್ಬನಂತೂ ಅಲ್ಲಿಂದಲೇ ಒಳಗೆ ಹೋಗಿ, ಗಡ್ಡ ಮಾಡಿಸಿಕೊಳ್ಳಲು ಕುರ್ಚಿಯಲ್ಲಿ ಕೂತುಬಿಟ್ಟ. ಟೇಪಣ್ಣನ ಎದೆ ಹಗುರಾಯಿತು. ಹಗುರಾದದ್ದು ಸ್ವಲ್ಪ ಉಬ್ಬಿತು ಕೂಡ. ಸತ್ಯಕ್ಕಾಗಿ ತಲೆಯನ್ನೇ ಒಪ್ಪಿಸಿದ ಮಹಾಪುರುಷನ ಗತ್ತಿನಲ್ಲಿ ಟೋಪಿಯನ್ನು ಕಸದ ಬುಟ್ಟಿಗೆ ಎಸೆದು ಬೆಂಚಿನ ಮೇಲೆ ತನ್ನ ಜಾಗದಲ್ಲಿ ಕೂತ.

ಕ್ಷೌರಿಕ ಎದ್ದು ಬೆಂಚಿನ ಸುತ್ತ ಬಂದ. ಎಡಗಿವಿಯ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿ ನಿಟ್ಟುಸಿರು ಬಿಟ್ಟ. ಟೀಯವನಿಗೆ ಎರಡು ಲೋಟ ಎಂದು ಸನ್ನೆ ಮಾಡಿದ. ಆಮೇಲೆ ಬುಟ್ಟಿಯಿಂದ ಟೋಪಿ ಎತ್ತಿ ಕೊಡವಿ, ಗೆಳೆಯನ ತಲೆಗೆ ಹಾಕಿ, ಕಿವಿ ಮುಚ್ಚುವಷ್ಟು ಕೆಳಗೆ ಎಳೆದ.

"ಯಾಕೋ? ಈಗ ಮುಚ್ಚಿಡಕ್ಕೆ ಏನೂ ಉಳಿದಿಲ್ಲವಲ್ಲ."

"ನೀನು ಹೇಳಿದ್ದು ಕೇಳಿಸ್ಕೊಂಡೋರು ನಾಲ್ಕೇ ಜನ ಅಣ್ಣ. ಮಿಕ್ಕೋರಿಗೆ ನಿನ್ನ ತಲೆ ನೋಡಿದ್ರೆ ನೆನಪಾಗೋದು ನನ್ನ ಅಂಗಡಿ. ಇದು ಬೆಳೆಯೋವರೆಗೂ ಟೋಪಿ ತೆಗೀಬೇಡ. ಯಾರಾದ್ರೂ ಕೇಳಿದ್ರೆ ಕಜ್ಜಿ ಅಂತಲೇ ಹೇಳು, ನನ್ನ ಬಾಚಣಿಗೆಯಿಂದ್ಲೇ ಬಂತು ಅಂದ್ರೂ ಪರವಾಗಿಲ್ಲ. ಕಜ್ಜಿ ಆದ್ರೆ ನಾಲ್ಕು ದಿನ ಬಿಟ್ಟು ಜನ ಮರೀತಾರೆ. ಈ ಕಟಿಂಗ್ ನಾನು ಮಾಡಿದ್ದು ಅಂದ್ಕೊಂಡ್ರೆ, ಈ ಜನ್ಮದಲ್ಲಿ ಒಬ್ಬನೂ ಈ ಕಡೆ ತಲೆ ಹಾಕಲ್ಲ."