ಗಣಿತಕ್ಕೆ ಗಂಡು ಕೇಳಲು ಹೋಗಿ

ಅನುಮಾನ ಎನ್ನುವುದು ಗಣಿತದ ಮೇಷ್ಟರಿಗೆ ಕಸುಬಿನ ಜೊತೆಗೇ ಅಂಟಿಕೊಳ್ಳುವ ಚಟ. ಸಾಧಿಸಿ ತೋರಿಸುವವರೆಗೆ ನಾನು ಏನನ್ನೂ ಒಪ್ಪುವವನಲ್ಲ. ಹಾಲಿನವನು "ನೀರ್ ಆಕಿಲ್ಲ ಸಾ" ಎಂದರೂ ಅಷ್ಟೆ, ಹಾಸನದ ನಮ್ಮ ಕಾಲೇಜಿನ ಹುಡುಗರು ಅರ್ಥವಾಯಿತೆಂದು ತಲೆಯಾಡಿಸಿದರೂ ಅಷ್ಟೆ. ಹೀಗಿರುವಾಗ ಬಿ.ಎಸ್ಸಿ. ಕೊನೆಯ ವರ್ಷದ ಶಿವಣ್ಣ, ನಾನು ಹೇಳಿಕೊಡದ ದಾರಿಯಲ್ಲಿ ಲೆಕ್ಕ ಬಿಡಿಸಿದಾಗ ಕಾಪಿ ಹೊಡೆದಿದ್ದಾನೆಂದೇ ಶಂಕಿಸಿ ಬೋರ್ಡಿನ ಮುಂದೆ ನಿಲ್ಲಿಸಿದೆ. ಕಾಪಿಯಲ್ಲ, ಅವನದೇ ತಲೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಮೈಸೂರಿಗೆ ಹೋಗಿ ಗಣಿತದಲ್ಲಿ ಎಂ.ಎಸ್ಸಿ. ಮಾಡು ಎಂದು ಬೆನ್ನುಬಿದ್ದೆ. "ನಂಗೇನೋ ಆಸೆ ಸಾ, ಅಪ್ಪ ಮಂಡೀಲಿ ಕೂತ್ಕೊ ಅಂತದೆ" ಎಂದ.

ಅವರದು ಚನ್ನರಾಯಪಟ್ಟಣದಲ್ಲಿ ಬೆಲ್ಲದ ಮಂಡಿ. ತಂದೆ ಬಸವಲಿಂಗಪ್ಪನವರನ್ನು ಒಪ್ಪಿಸಲು ಬಸ್ಸು ಹತ್ತಿದೆ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ವೀಳ್ಯದೆಲೆ, ಬಾಳೆಹಣ್ಣು, ತೆಂಗಿನಕಾಯಿ ಹಿಡಿದುಕೊಂಡೆ. ಎಡವಟ್ಟಾದದ್ದು ಅಲ್ಲೇ. ಅವರು ತೆಂಗಿನಕಾಯಿಯನ್ನೂ ನನ್ನನ್ನೂ ಒಂದೇ ಕಣ್ಣಿನಿಂದ ಅಳೆದು, "ಇಷ್ಟು ಹುಡುಗ್ರು ಇರೋವಾಗ ನಮ್ಮೋನ ಮ್ಯಾಲೇ ಯಾಕೆ ಕಣ್ಣು, ಮೇಷ್ಟ್ರೇ?" ಎಂದರು. ಇಂಥ ಹುಡುಗನನ್ನು ಕೈಬಿಡಲು ನನಗೆ ಮನಸ್ಸಿಲ್ಲ, ಇವನು ಎಂ.ಎಸ್ಸಿ. ಮಾಡಲೇಬೇಕು ಎಂದೆ. ಅವರ ಮುಖ ಅರಳಿತು. ಒಳಕ್ಕೆ ತಿರುಗಿ, "ಲೇ, ನಮ್ಮ ಪೈಕಿಯೋರೇ ಎಣ್ಣಿನ ಕಡೆಯಿಂದ ಬಂದವ್ರೆ ಕಣೇ, ಸಜ್ಜಿಗೆ ಮಾಡು" ಎಂದು ಕೂಗಿದರು.

ನನಗಿರುವುದು ಇಬ್ಬರು ಗಂಡುಮಕ್ಕಳು. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಎಮ್ಮೆಸ್ಸಿ ಮಾಡಿದ ಅಳಿಯ ಬೇಕು ಅಂತ ನಿಮಗಿದ್ರೆ ಓದ್ಲಿ ಬುಡಿ, ನಾವ್ಯಾಕೆ ಬ್ಯಾಡ ಅನ್ನಾನ" ಎಂದುಬಿಟ್ಟರು. ತೆರೆದ ಬಾಯಿಗೆ ಸಜ್ಜಿಗೆ ಹಾಕಿಕೊಂಡೆ. ತುಪ್ಪ ಧಾರಾಳವಾಗಿತ್ತು.

ಶಿವಣ್ಣ ಮೈಸೂರು ಸೇರಿದ. ಮೊನ್ನೆ ಸಂಜೆ ನಾನು ಮನೆಗೆ ಬಂದರೆ ಜಗುಲಿಯ ಮೇಲೆ ಬಸವಲಿಂಗಪ್ಪ ದಂಪತಿ, ಕೈಯಲ್ಲಿ ಮಲ್ಲಿಗೆ ಪೊಟ್ಟಣ. "ಎಲ್ಲಿ, ಹುಡುಗೀನ ಕರೀರಿ." ವಿಧಿಯಿಲ್ಲದೆ ನಿಜ ಹೇಳಿದೆ. ಓದು ಬಿಡಿಸಿಬಿಟ್ಟರೆ ಗತಿಯೇನೆಂಬುದೇ ನನ್ನ ಭಯ. ಬಸವಲಿಂಗಪ್ಪನವರು ಮಲ್ಲಿಗೆ ಪೊಟ್ಟಣವನ್ನು ಹೆಂಡತಿಯ ಕೈಗಿತ್ತು, "ಅರ್ಧಕ್ಕೆ ಬುಡಿಸಾಕಾಯ್ತದಾ? ಮುಗಿಸ್ಕಂಡೇ ಬರ್ಲಿ" ಎಂದು ಎದ್ದರು. ಮೆಟ್ಟಿಲಿಳಿಯುತ್ತಾ ಹೆಂಡತಿಗೆ, "ಹುಡುಗೀಗೆ ಬ್ಯಾರೆ ಕಡೆ ಗೊತ್ತು ಮಾಡವ್ರೆ ಕಣೇ" ಎಂದದ್ದು ನನಗೂ ಕೇಳಿಸಿತು.

ನನ್ನವಳಿಗೂ ಕೇಳಿಸಿತು. "ಹುಡುಗಿ ಇಲ್ಲದೆ ಅಷ್ಟು ದೊಡ್ಡ ಮನುಷ್ಯರು ಹೂ ಹಿಡ್ಕೊಂಡು ಬರ್ತಾರೇನ್ರೀ? ನಿಜ ಹೇಳಿ, ಯಾವೂರಲ್ಲಿ ಇಟ್ಟಿದ್ದೀರಿ ಆ ಸಂಸಾರಾನ?"

ಅಂದಿನಿಂದ ಎಷ್ಟು ಹೇಳಿದರೂ ನಂಬುತ್ತಿಲ್ಲ. ಇಲ್ಲದ ಮಗಳನ್ನು ಇಲ್ಲವೆಂದು ಸಾಧಿಸುವುದು ಹೇಗಪ್ಪಾ ಎಂದು, ಕೊನೆಗೆ ಶಿವಣ್ಣನಿಗೇ ಒಂದು ಕಾರ್ಡು ಹಾಕಿದ್ದೇನೆ.