ಉಗುರಿಗಾಗಿ ಮಾಡಿದ ಜೆಲ್ಲಿ

ನನ್ನ ಕೈಯುಗುರುಗಳ ವಿಷಯದಲ್ಲಿ ಯಾರ ಸಹಾಯವನ್ನೂ ಕೇಳಬಾರದೆಂದು ನಾನು ತೀರ್ಮಾನಿಸಿದ್ದೆ. ಇರುವುದು ಹತ್ತೇ ಉಗುರು, ಅವೂ ನನ್ನವೇ. ಬಿ.ಎಸ್ಸಿ. ಓದಿದ ಹೆಂಗಸಿಗೆ ಅಷ್ಟು ಸರಿಮಾಡಿಕೊಳ್ಳಲಾಗದೇ?

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮದರಾಸಿನ ಕೀಲ್ಪಾಕ್‌ನಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು, ರೈಲ್ವೆ ಆಫೀಸಿನಲ್ಲಿದ್ದ ನನ್ನ ಯಜಮಾನರು, ಅವರ ತಾಯಿ. ಮದುವೆಯಾಗಿ ಬಂದ ಎರಡೇ ವರ್ಷಕ್ಕೆ ನನ್ನ ಉಗುರುಗಳು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳತೊಡಗಿದವು. ಧಾರೆ ಸೀರೆ ಮಡಿಸಲು ಹೋದರೆ ಉಗುರಿಗೆ ಸಿಕ್ಕಿ ರೇಷ್ಮೆ ಎಳೆ ಹೊರಗೆ ಬಂತು. ನವರಾತ್ರಿಯಲ್ಲಿ ಬೊಂಬೆ ನೋಡಲು ಹೋದ ಮನೆಯ ಮಾಮಿ ತಾಂಬೂಲ ಕೊಡುವಾಗ ನನ್ನ ಬೆರಳು ನೋಡಿ, "ಅಯ್ಯೋ ಪಾವಂ" ಎಂದರು. ಪಾಪ ಎನ್ನುವುದನ್ನು ತಮಿಳಿನಲ್ಲಿ ಕೇಳಿದರೆ ಇನ್ನೂ ಸ್ವಲ್ಪ ಹೆಚ್ಚು ಪಾಪ ಎನಿಸುತ್ತದೆ.

ಮೊದಲು ಹರಳೆಣ್ಣೆ ಹಚ್ಚಿದೆ. ಕೈಗೆ ಸಿಕ್ಕ ಲೋಟಗಳೆಲ್ಲ ಜಾರಿ ಬಿದ್ದವು. ನಿಂಬೆರಸ ಹಚ್ಚಿದೆ. ಉಗುರಿನ ಸಂದುಗಳಲ್ಲಿ ಅದು ಉರಿದ ಉರಿಗೆ ಕೈ ಬೀಸುತ್ತಾ ಮನೆಯೆಲ್ಲ ಓಡಾಡಿದೆ. ಬೆಳ್ಳುಳ್ಳಿ ಉಜ್ಜಿಕೊಂಡು ಬಸ್ಸು ಹತ್ತಿದ ದಿನ ಪಕ್ಕದಲ್ಲಿ ಕೂತಿದ್ದವರು ಎದ್ದು ನಿಂತೇ ಪ್ರಯಾಣ ಮಾಡಿದರು.

ಕೊನೆಗೆ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ದಿನಕ್ಕೊಂದು ಚಮಚ ಜೆಲಟಿನ್ ಪುಡಿಯನ್ನು ಹಣ್ಣಿನ ರಸದಲ್ಲಿ ಕಲಸಿ ಕುಡಿದರೆ ಉಗುರು ಗಟ್ಟಿಯಾಗುತ್ತದಂತೆ. ಜೆಲಟಿನ್ ಎಂದರೆ ಜೆಲ್ಲಿ ಮಾಡುವುದು. ಮದರಾಸಿನಲ್ಲಿ ಜೆಲ್ಲಿ ಮಾಡುವುದು ಕಡಲ್‌ಪಾಸಿಯಲ್ಲಿ, ಅಂದರೆ ಸಮುದ್ರದ ಪಾಚಿಯಲ್ಲಿ. ಆದ್ದರಿಂದ ಜೆಲಟಿನ್ ಎಂದರೆ ಪಾಚಿಯ ಪುಡಿ. ನನ್ನ ಬಿ.ಎಸ್ಸಿ. ತರ್ಕ ಹೀಗೆ ಸಾಗಿತು. ಯಜಮಾನರು ಪ್ಯಾಕೆಟ್ ತಂದರು. ಬಿಸಿನೀರಿಗೆ ಹಾಕಿದರೆ ಬಡಗಿಯ ಅಂಟಿನ ವಾಸನೆ ಬಂತು. ಸಮುದ್ರದ ಪಾಚಿಗೆ ಸಮುದ್ರದ ವಾಸನೆ ಇರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕುಡಿಯಲಾಗದೆ ದ್ರಾಕ್ಷಿ ರಸ, ಸಕ್ಕರೆ ಸೇರಿಸಿ ಬಟ್ಟಲಲ್ಲಿ ಹಾಕಿ ಗಟ್ಟಿಯಾಗಲು ಫ್ರಿಜ್ಜಿನಲ್ಲಿಟ್ಟೆ. ಅದನ್ನು ಹೊರಗೆ ತೆಗೆಯುವ ಹೊತ್ತಿಗೆ ಅತ್ತೆ ಬಂದರು.

ನಮ್ಮತ್ತೆ ಹದಿನಾರು ವರ್ಷಕ್ಕೆ ಮೈಸೂರಿನಿಂದ ಮದರಾಸಿಗೆ ಬಂದವರು. ಮಡಿ, ವ್ರತ ಯಾವುದರಲ್ಲೂ ಒಂದು ಕೂದಲೆಳೆಯಷ್ಟೂ ತಪ್ಪಿದವರಲ್ಲ. ಹಲ್ಲು ಮಾತ್ರ ಒಂದೂ ಉಳಿದಿರಲಿಲ್ಲ.

"ಏನ್ ಮಾ ಅದು, ಹೀಗೆ ನಡುಗತ್ತೆ?"

"ಸಮುದ್ರದ ಪಾಚಿ ಅತ್ತೆ. ಶುದ್ಧ ಸಸ್ಯ."

ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅಗಿಯುವ ಕೆಲಸವಿಲ್ಲ. ಅವರ ಮುಖದಲ್ಲಿ ಅಂಥ ಆನಂದವನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಮಾರನೆಯ ದಿನದಿಂದ ಎರಡು ಬಟ್ಟಲು ಮಾಡತೊಡಗಿದೆ. ಏಕಾದಶಿ ಬಂತು. "ಪಾಚಿ ತಾನೇ? ಫಲಾಹಾರಕ್ಕೆ ಬರತ್ತೆ" ಎಂದು ಅತ್ತೆ ತಾವೇ ಶಾಸ್ತ್ರಾರ್ಥ ಹೇಳಿಕೊಂಡು ಮೂರು ಬಟ್ಟಲು ತಿಂದರು.

ಎರಡು ತಿಂಗಳಾಯಿತು. ನನ್ನ ಉಗುರು ಏಳುವುದು ನಿಲ್ಲಲಿಲ್ಲ. ಒಂದು ಗುರುವಾರ ಕೆಳಗಿನ ಮನೆಯ ಸ್ಟೆಲ್ಲಾ ಟೀಚರ್ ಸಕ್ಕರೆ ಕೇಳಲು ಬಂದರು. ಅವರು ಶಾಲೆಯಲ್ಲಿ ಅಡುಗೆ, ಹೊಲಿಗೆ ಕಲಿಸುವವರು. ಕಪಾಟಿನಲ್ಲಿದ್ದ ಪ್ಯಾಕೆಟ್ ನೋಡಿ ಅಲ್ಲೇ ನಿಂತರು.

"ನೀಂಗ ಸುದ್ದ ಸೈವಂ ದಾನೆ?"

ಹೌದು, ಶುದ್ಧ ಸಸ್ಯಾಹಾರಿಗಳೇ ಎಂದೆ, ಹೆಮ್ಮೆಯಿಂದ.

"ಅಪ್ಪೊ ಇದು ಎದುಕ್ಕು? ಇದು ಮಾಟ್ಟು ಎಲುಂಬು, ಮ್ಯಾಡಂ."

ದನದ ಮೂಳೆ. ಕುದಿಸಿ, ಸೋಸಿ, ಒಣಗಿಸಿ ಪುಡಿ ಮಾಡಿದ್ದು. ಕಡಲ್‌ಪಾಸಿ ಬೇರೆ, ಇದು ಬೇರೆ ಎಂದು ಅವರು ಶಾಲೆಯ ಮಕ್ಕಳಿಗೆ ಹೇಳುವಷ್ಟೇ ಮೆಲ್ಲಗೆ ವಿವರಿಸಿ, ಸಕ್ಕರೆ ಮರೆತು ಹೋದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಸಂಜೆ ಯಜಮಾನರಿಗೆ ಹೇಳಿದೆ.

"ಅಮ್ಮಂಗೆ ಪಾಚಿ ಅಂತಲೇ ಇರ್ಲಿ ಬಿಡು" ಎಂದರು.

"ನೀವೂ ತಿಂದಿದ್ದೀರಿ."

"ಆಫೀಸ್ ಕ್ಯಾಂಟೀನಲ್ಲಿ ನಾನು ಏನೇನು ತಿಂದಿದ್ದೀನೋ ಕೇಳ್ಬೇಡ."

ಬಿಡಬಹುದಿತ್ತೇನೋ. ಆದರೆ ಬೆಳಗ್ಗೆ ಅತ್ತೆ ದೊಡ್ಡ ಪಾತ್ರೆಯೊಂದನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದರು. ನಾಳೆ ಶನಿವಾರ ನಮ್ಮ ಮನೆಯಲ್ಲಿ ಭಜನೆ, ಮೂವತ್ತು ಜನ ಹೆಂಗಸರು, ಎಲ್ಲರಿಗೂ ಜೆಲ್ಲಿಯೇ ಪ್ರಸಾದ.

"ಪುಡಿ ಮುಗಿದಿದೆ ಅತ್ತೆ."

"ಸುಮ್ಮಾ ಇರು ಮಾ. ಹೋದ ವಾರವೇ ಅವನ ಕೈಲಿ ಆರು ಪ್ಯಾಕೆಟ್ ತರಿಸಿ ಇಟ್ಟಿದೀನಿ. ಮೊದಲು ಪೆರುಮಾಳ್‌ಗೆ ನೈವೇದ್ಯ, ಆಮೇಲೆ ಅವರಿಗೆ."

ದೇವರ ಹೆಸರು ಬಂದ ಮೇಲೆ ಮುಚ್ಚಿಡಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಪತ್ರಿಕೆ, ನನ್ನ ತರ್ಕ, ಸ್ಟೆಲ್ಲಾ ಟೀಚರ್, ಮೂಳೆ. ಅತ್ತೆ ಪಾತ್ರೆಯನ್ನು ಕೆಳಗಿಟ್ಟರು.

"ಏಕಾದಶಿಗೂ ತಿಂದೆನಲ್ಲ" ಎಂದರು.

ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡರು. ಒದ್ದೆ ಸೀರೆಯಲ್ಲೇ ದೇವರ ಮುಂದೆ ಕೂತರು. ನಾನು ಬಾಗಿಲ ಹೊರಗೆ ಗೋಡೆಗೆ ಒರಗಿ ಅಳುತ್ತಿದ್ದೆ. ತವರಿಗೆ ಕಳಿಸುತ್ತಾರೆ ಎಂದೇ ನನ್ನ ಲೆಕ್ಕ. ಮನಸ್ಸಿನಲ್ಲೇ ಟ್ರಂಕಿಗೆ ಸೀರೆ ಜೋಡಿಸತೊಡಗಿದ್ದೆ. ಅಲ್ಲೂ ಎಳೆ ಸಿಕ್ಕಿಕೊಳ್ಳುತ್ತಿತ್ತು.

ಅತ್ತೆ ಹೊರಗೆ ಬಂದು ಪಕ್ಕದಲ್ಲಿ ಕೂತರು. "ಪೆರುಮಾಳ್‌ಗೆ ಹೇಳಿದೀನಿ. ನಾನು ತಿಳಿದು ತಿನ್ನಲಿಲ್ಲ, ನೀನು ತಿಳಿದು ಕೊಡಲಿಲ್ಲ. ಅಳಬೇಡ. ನಾಳೆಗೆ ರವೆ ಹುರಿ, ಕೇಸರಿ ಮಾಡೋಣ. ಭಜನೆಯವರ ಹತ್ರ ಮಾತ್ರ ಬಾಯಿ ಬಿಟ್ಟೀಯೆ." ಆಮೇಲೆ ನನ್ನ ಕೈ ಎಳೆದು ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದರು. "ಇಷ್ಟು ಕೆಟ್ಟಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

ಸೋಮವಾರ ಅವರೇ ನನ್ನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ವಯಸ್ಸಾದ ತಮಿಳು ಡಾಕ್ಟರು ಎರಡೇ ನಿಮಿಷ ನೋಡಿದರು. ದಿನವಿಡೀ ಪಾತ್ರೆ ತೊಳೆಯುವ ಸೋಡಾ ಪುಡಿ, ನೀರು ಎಂದರೆ ಯಾವ ಉಗುರು ನಿಲ್ಲುತ್ತದೆ? ಉಗುರನ್ನು ಗಿಡ್ಡವಾಗಿ ಕತ್ತರಿಸು, ನೀರು ಮುಟ್ಟಿದಾಗಲೆಲ್ಲ ಕೈ ಒರೆಸಿ ಕೊಬ್ಬರಿ ಎಣ್ಣೆ ಹಚ್ಚು, ಹೊಸ ಉಗುರು ಪೂರ್ತಿ ಬೆಳೆಯಲು ಆರು ತಿಂಗಳು ಬೇಕು, ಕಾಯಬೇಕು ಎಂದರು. ಪಾತ್ರೆ ಇನ್ನು ಮೇಲೆ ನನ್ನ ಮಗ ತೊಳೀತಾನೆ ಎಂದು ಅತ್ತೆ ಅಲ್ಲೇ ಘೋಷಿಸಿದರು. ಮಗನನ್ನು ಯಾರೂ ಕೇಳಲಿಲ್ಲ.

ಎದ್ದು ಹೊರಡುವಾಗ ಡಾಕ್ಟರ ಕಣ್ಣು ಮೇಜಿನ ಅಂಚು ಹಿಡಿದಿದ್ದ ಅತ್ತೆಯ ಕೈಯ ಮೇಲೆ ಬಿತ್ತು. ಅರವತ್ತೈದು ವರ್ಷದ ಹೆಂಗಸಿನ ಉಗುರುಗಳು ಕಪ್ಪೆಚಿಪ್ಪಿನಂತೆ ಗುಲಾಬಿಯಾಗಿ, ಗಟ್ಟಿಯಾಗಿ ಹೊಳೆಯುತ್ತಿದ್ದವು. ನಾನು ಬಂದ ಮೇಲೆ ಅವರು ಪಾತ್ರೆ ತೊಳೆದಿರಲಿಲ್ಲ, ಅದೇ ಕಾರಣವಿರಬೇಕು. ಬೇರೆ ಕಾರಣವನ್ನು ಯೋಚಿಸುವ ಧೈರ್ಯ ನನಗಿರಲಿಲ್ಲ.

"ಮಾಮಿ, ಎನ್ನ ಸಾಪ್ಪಿಡ್ರೀಂಗ?" ಡಾಕ್ಟರು ಬೆರಗಿನಿಂದ ಕೇಳಿದರು, ಏನು ತಿನ್ನುತ್ತೀರಿ ಎಂದು.

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಜೀವನದಲ್ಲಿ ಸುಳ್ಳು ಹೇಳದವರು.

"ಮೋರ್ ಸಾದಂ" ಎಂದರು. ಬರೀ ಮಜ್ಜಿಗೆ ಅನ್ನ.

ನಾನು ನನ್ನ ಹತ್ತು ಬೆರಳುಗಳನ್ನೂ ಸೆರಗಿನೊಳಗೆ ಸೇರಿಸಿಕೊಂಡು, ಅವರ ಹಿಂದೆ ಹೊರಗೆ ನಡೆದೆ.