ದ್ವೀಪದ ಬೂದಿಯೂ ನಮ್ಮ ಮನೆಯ ರೇಷ್ಮೆಹುಳುವೂ

ಸಂಸಾರ ಮಾಡುವವನಿಗೆ ತನ್ನ ತಪ್ಪನ್ನು ಹೊರಿಸಲು ಒಬ್ಬರು ಬೇಕು. ಸಾಮಾನ್ಯವಾಗಿ ಇದಕ್ಕೆ ಬೆಕ್ಕು, ಹಾಲಿನವನು, ಪಕ್ಕದ ಮನೆಯ ಮಕ್ಕಳು ಇವರೇ ಸಾಕಾಗುತ್ತಾರೆ. ಆದರೆ ಸಾವಿರಾರು ಮೈಲಿ ಆಚೆ, ಸಮುದ್ರದ ನಡುವೆ ತನ್ನ ಪಾಡಿಗೆ ತಾನು ಬೆಂಕಿ ಉಗುಳುತ್ತಿದ್ದ ಜ್ವಾಲಾಮುಖಿಯ ಮೇಲೆ ತಪ್ಪು ಹೊರಿಸಿದ ಗಂಡಸು ಇಡೀ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಅರವತ್ತರ ದಶಕದ ಆರಂಭ. ಶಿಡ್ಲಘಟ್ಟದ ಮಾಧ್ಯಮಿಕ ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು. ಹತ್ತು ವರ್ಷಗಳಿಂದ ಜ್ವಾಲಾಮುಖಿಯ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಅದರ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ನಿಜ ಹೇಳಬೇಕೆಂದರೆ, ಅಂಥದ್ದೊಂದು ಪಠ್ಯಪುಸ್ತಕದ ಹೊರಗೂ ಇದೆ ಎಂದು ನನಗೆ ಪೂರ್ತಿ ನಂಬಿಕೆಯಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಬೆಂಗಳೂರಿನ ಬಸ್ಸಿನಲ್ಲಿ ಬಂದ ಪತ್ರಿಕೆಯ ಮೊದಲ ಪುಟದಲ್ಲೇ ಸುದ್ದಿ: ಯಾವುದೋ ದ್ವೀಪದಲ್ಲಿ ಬೆಟ್ಟ ಸಿಡಿದಿದೆ, ಜನ ಮನೆಮಠ ಬಿಟ್ಟು ದಡಕ್ಕೆ ಓಡುತ್ತಿದ್ದಾರೆ, ಬೂದಿ ಆಕಾಶಕ್ಕೆ ಏರಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಪಾಠ ನಿಜವಾಗಿತ್ತು! ಮರುದಿನ ಮೂರು ತರಗತಿಗಳಿಗೂ ಬೂದಿಯ ಬಗ್ಗೆಯೇ ಹೇಳಿದೆ. ಮನೆಗೆ ಬಂದು ಊಟಕ್ಕೆ ಕುಳಿತು ಹೆಂಡತಿಗೂ ಹೇಳಿದೆ. "ಗಾಳಿಗೆ ಸಿಕ್ಕಿದ ಬೂದಿ ದೇಶದೇಶ ಸುತ್ತುತ್ತೆ ಕಣೇ. ನಮ್ಮ ತಲೆ ಮೇಲೂ ಹಾದು ಹೋದೀತು."

"ಮೆಲ್ಲಗೆ ಮಾತಾಡ್ರೀ, ಹುಳ ಇದಾವೆ" ಎಂದಳು ಶಾರದೆ.

ಆಗ ನಮ್ಮ ಮನೆಯಲ್ಲಿ ಹುಳಗಳದ್ದೇ ಆಡಳಿತ. ಕೈವಾರದ ಬಳಿಯ ರೈತರ ಮನೆಯಲ್ಲಿ ರೇಷ್ಮೆಹುಳುವಿನ ಜೊತೆಯಲ್ಲೇ ಬೆಳೆದವಳು ಶಾರದೆ. ಸಂಬಳದ ಗಂಡನನ್ನು ಕಟ್ಟಿಕೊಂಡ ಮೇಲೆ ಸುಮ್ಮನೆ ಕೂರಲಾರದೆ ಹಿತ್ತಲ ಕೋಣೆಯಲ್ಲಿ ಮೊದಲ ಸಲ ತಾನೇ ಹುಳು ಇಟ್ಟಿದ್ದಳು. ಅವಳಪ್ಪ, ಎಂದರೆ ನನ್ನ ಮಾವ, ಅದನ್ನು ಕೇಳಿ ನಕ್ಕಿದ್ದರು. "ಮೇಷ್ಟ್ರ ಮನೇಲಿ ಹುಳ ಉಳಿಯಲ್ಲಮ್ಮ, ಅದಕ್ಕೆ ರೈತರ ಕೈ ಬೇಕು" ಎಂದು ನನ್ನೆದುರೇ ಹೇಳಿದ್ದರು. ಆ ಮಾತು ಅವಳಿಗೆ ನಾಟಿತ್ತು. ಗೂಡು ಕಟ್ಟಿಸಿ ಅಪ್ಪನಿಗೆ ತೋರಿಸಲೇಬೇಕೆಂದು ಹಟ ತೊಟ್ಟಿದ್ದಳು. ಅದಕ್ಕಾಗಿ ಮನೆಯಲ್ಲಿ ತಿಂಗಳಿಂದ ಒಗ್ಗರಣೆಯ ಘಾಟಿಲ್ಲ, ಊದುಬತ್ತಿಯಿಲ್ಲ. ನನಗಿದ್ದ ಏಕೈಕ ವ್ಯಸನವಾದ ನಸ್ಯಕ್ಕಂತೂ ಹೊಸ್ತಿಲೊಳಗೆ ಪ್ರವೇಶವೇ ಇಲ್ಲ. ಹೊಗೆಸೊಪ್ಪಿನ ಪುಡಿ ಸೋಕಿದರೆ ರೇಷ್ಮೆಹುಳು ಬದುಕುವುದಿಲ್ಲ. ಇದನ್ನು ಅವಳು ನನಗೆ, ಮಂದಬುದ್ಧಿಯ ವಿದ್ಯಾರ್ಥಿಗೆ ಹೇಳುವಂತೆ, ದಿನಕ್ಕೆರಡು ಸಲ ಹೇಳುತ್ತಿದ್ದಳು. ನಸ್ಯದ ಡಬ್ಬಿ ಹೊರಗೆ ಜಗಲಿಯ ಗೋಡೆಗೂಡಿನಲ್ಲಿ, ನಾನು ಒಳಗೆ. ಹೀಗೆ ನಾವಿಬ್ಬರೂ ಅಗಲಿ ಬದುಕುತ್ತಿದ್ದೆವು.

ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ತಿನ್ನದೆ ಮಲಗುವುದು. ನಾಲ್ಕನೆಯದರಿಂದ ಎದ್ದವೆಂದರೆ ಆಮೇಲೆ ಒಂದು ವಾರ ಅವಕ್ಕೆ ಹಿಪ್ಪುನೇರಳೆ ಸೊಪ್ಪು ತಿನ್ನುವುದೊಂದೇ ಕೆಲಸ. ಕೋಣೆಯ ಬಾಗಿಲಲ್ಲಿ ನಿಂತರೆ ತೆಂಗಿನ ಗರಿಯ ಮೇಲೆ ತುಂತುರು ಹನಿ ಬಿದ್ದಂತೆ ಸದ್ದು. ಅಂಥ ಹೊತ್ತಿನಲ್ಲೇ ಕೈವಾರದಲ್ಲಿ ಅವಳ ಅಕ್ಕನ ಮಗುವಿನ ನಾಮಕರಣ ಬಂತು. ಹೋಗದಿದ್ದರೆ ಮಾತು ಬರುತ್ತದೆ. "ಸಾಯಂಕಾಲದ ಸೊಪ್ಪು ಒಂದು ಸಲ ನೀವು ಹಾಕಿ, ಕತ್ತಲಾಗೋದ್ರೊಳಗೆ ಬಂದ್ಬಿಡ್ತೀನಿ. ಕೈ ತೊಳ್ಕೊಂಡು ಹೋಗಿ. ಡಬ್ಬಿ ಮುಟ್ಟಬೇಡಿ" ಎಂದು ಹೇಳಿ ಚಿಂತಾಮಣಿ ಬಸ್ಸು ಹತ್ತಿದಳು.

ಕೈ ತೊಳೆದೆ. ಸೊಪ್ಪು ಹಾಕಲು ಶುರು ಮಾಡಿದೆ. ಹುಳುಗಳಿದ್ದದ್ದು ಹನ್ನೆರಡು ಬಿದಿರಿನ ತಟ್ಟೆಗಳಲ್ಲಿ. ಹತ್ತು ಮುಗಿಯುವವರೆಗೆ ಸತ್ಯವಂತನಾಗಿದ್ದೆ. ಆಮೇಲೆ ಮೂಗು ಕೇಳಲಿಲ್ಲ. ಹೊರಗೆ ಹೋಗಿ ಒಂದೇ ಒಂದು ಚಿಟಿಕೆ ಏರಿಸಿ, ಸೀಮೆಸುಣ್ಣ ಒರೆಸಿಕೊಳ್ಳುವ ಅಭ್ಯಾಸದಲ್ಲಿ ಬೆರಳನ್ನು ಪಂಚೆಗೆ ಒರೆಸಿ, ಒಳಗೆ ಬಂದು ಉಳಿದ ಎರಡು ತಟ್ಟೆಗೂ ಸೊಪ್ಪು ಹಾಕಿದೆ.

ಬೆಳಗ್ಗೆ ಆ ಎರಡೂ ತಟ್ಟೆಯ ಹುಳುಗಳು ತಲೆ ಎತ್ತಿಕೊಂಡು, ಬಾಯಲ್ಲಿ ಹಸಿರು ನೀರು ಬಿಡುತ್ತ ನಡುಗುತ್ತಿದ್ದವು. ಶಾರದೆ ನನ್ನ ಮುಖ ನೋಡಿದಳು. "ಏನ್ರೀ ಆಯ್ತು ಇವಕ್ಕೆ?" ಅವಳ ಕಣ್ಣಲ್ಲಿ ನೀರಿತ್ತು. ಆಗಲೇ ಹೇಳಬೇಕಿತ್ತು. ಹೆದರಿದೆ. ಹೆದರಿದ ಮೇಷ್ಟ್ರು ಪಾಠ ಶುರುಮಾಡುತ್ತಾನೆ. "ನಾನು ಅವತ್ತೇ ಹೇಳಲಿಲ್ವೇ, ಆ ದ್ವೀಪದ ಬೂದಿ? ಸೊಪ್ಪಿನ ಮೇಲೆ ಬಿದ್ದಿರಬೇಕು" ಎಂದೆ. "ಎರಡೇ ತಟ್ಟೆಗೆ ಬಿತ್ತೇ?" ಎಂದಳು. ಗಾಳಿಯ ದಿಕ್ಕು, ವೇಗ, ಬೂದಿ ಎಲ್ಲ ಕಡೆಯೂ ಸಮನಾಗಿ ಬೀಳದಿರುವುದು, ಇವನ್ನೆಲ್ಲ ವಿವರಿಸಿದೆ. ಇನ್ಸ್‌ಪೆಕ್ಟರು ಬಂದಾಗಲೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಅವಳು ನಂಬಿಬಿಟ್ಟಳು.

ನಂಬಿದ್ದೇ ಎಡವಟ್ಟಾಯಿತು. ನಾವು ಸೊಪ್ಪು ತರುತ್ತಿದ್ದ ಊರಾಚೆಯ ತೋಟಕ್ಕೆಲ್ಲ ಬೂದಿ ಬಿದ್ದಿದೆ, ಅಲ್ಲಿಯ ಒಂದೆಲೆಯೂ ಬೇಡವೆಂದು ನಿಲ್ಲಿಸಿಬಿಟ್ಟಳು. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪು ಹುಳುವಿಗೆ ಆಗದು. ತವರಿನ ತೋಟದಿಂದ ಸೊಪ್ಪು ಕಳಿಸಿ ಎಂದು ಬಸ್ಸಿನವನ ಕೈಲಿ ಚೀಟಿ ಕಳಿಸಿದಳು. ಅದು ಬರುವುದು ನಾಳೆ. ನಾನು ಮಧ್ಯಾಹ್ನ ಊಟಕ್ಕೆ ಬಂದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಉಳಿದ ಹತ್ತು ತಟ್ಟೆಯ ಹುಳುಗಳೂ ಬರಿದಾದ ಕಡ್ಡಿಗಳ ಮೇಲೆ ತಲೆಯಾಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಶಾರದೆ ಗೋಡೆಗೊರಗಿ ಕುಳಿತಿದ್ದಳು, ಅನ್ನಕ್ಕಿಟ್ಟಿರಲಿಲ್ಲ. ಆವರೆಗೆ ನಾಚಿಕೆ ನನ್ನ ಬಾಯಿ ಕಟ್ಟಿತ್ತು. ಅದನ್ನು ನೋಡಿದ ಮೇಲೆ ಅವಳೆದುರು ಹೋಗಿ ನಿಂತೆ.

"ಬೂದಿಯಲ್ಲ, ನಸ್ಯ" ಎಂದೆ.

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವಳು ಎದ್ದು ಸೆರಗು ಬಿಗಿದು, "ತೋಟಕ್ಕೆ ಹೋಗಿ ಸೊಪ್ಪು ತನ್ನಿ. ಹುಳದ ಎರಡು ಊಟ ಕಿತ್ಕೊಂಡ್ರಲ್ಲ" ಎಂದಳು, ಅಷ್ಟೇ. ಮಧ್ಯಾಹ್ನದ ಶಾಲೆಗೆ ರಜೆ ಹಾಕಿ ಮೂರು ಹೊರೆ ತಂದೆ. ಸಂಜೆಯ ಹೊತ್ತಿಗೆ ಕೋಣೆಯಲ್ಲಿ ಮತ್ತೆ ತುಂತುರು ಸದ್ದು ಎದ್ದಿತು. ಎರಡು ತಟ್ಟೆ ಹೋದವು, ಹತ್ತು ಉಳಿದವು.

ಹುಳುಗಳು ಹಣ್ಣಾಗಿ, ಎಂದರೆ ತಿನ್ನುವುದು ನಿಲ್ಲಿಸಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಗಳಲ್ಲಿ ಗೂಡು ಕಟ್ಟಿದ ಮೇಲೆ ಮಾವ ಬಂದರು. ಒಂದೊಂದು ಗೂಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು, ತಲೆದೂಗಿದರು. ಶಾರದೆಯ ಮುಖ ಅರಳಿತು. ಆಮೇಲೆ, ಉಳಿದವುಗಳಿಂದ ಬೇರೆಯಾಗಿ ಮೂಲೆಗಿಟ್ಟಿದ್ದ ಎರಡು ತಟ್ಟೆ ಅವರ ಕಣ್ಣಿಗೆ ಬಿದ್ದವು. "ಇದೇನಮ್ಮಾ, ಇವು?" ಎಂದರು. ಹುಟ್ಟಿದಾಗಿನಿಂದ ಅಪ್ಪನೆದುರು ಸುಳ್ಳಾಡದ ನನ್ನ ಹೆಂಡತಿ, "ಅದ್ಯಾವುದೋ ದ್ವೀಪದಲ್ಲಿ ಬೆಂಕಿಬೆಟ್ಟ ಸಿಡೀತಂತಪ್ಪ. ಅದರ ಬೂದಿ ಇಲ್ಲಿಗೂ ಬಂತು. ಇವರು ಪೇಪರಿನಲ್ಲಿ ಓದಿದಾರೆ" ಎಂದಳು.

ಮುದುಕರು ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟರು. ಹುಳುವಿನ ಮಾತನ್ನೇ ಬಿಟ್ಟರು. "ಅಯ್ಯೋ ಪಾಪಂ! ಇಲ್ಲಿಗೇ ಬೂದಿ ಬಂತು ಅಂದ್ರೆ ಅಲ್ಲಿದ್ದೋರ ಗತಿ? ಮಕ್ಕಳು ಮರಿ, ದನ ಕರು ಎಲ್ಲ ಏನಾದ್ರು ಮೇಷ್ಟ್ರೇ?"

ಬೂದಿ ಎಷ್ಟು ಎತ್ತರಕ್ಕೆ ಏರುತ್ತದೆ, ಯಾವ ಗಾಳಿಗೆ ಯಾವ ಕಡೆ ಹೋಗುತ್ತದೆ, ಎಲ್ಲವನ್ನೂ ಹೇಳಬಲ್ಲೆ. ಜನರ ವಿಷಯ ಒಳಪುಟದಲ್ಲಿ ಮುಂದುವರಿದಿತ್ತು. ಆ ಪುಟವನ್ನು ನಾನು ತಿರುಗಿಸಿರಲೇ ಇಲ್ಲ. "ಎಲ್ಲರೂ ದೋಣಿ ಹತ್ತಿ ಪಾರಾದರು" ಎಂದೆ. ಮಾವ "ಸದ್ಯ!" ಎಂದು ಆಕಾಶಕ್ಕೆ ಕೈಮುಗಿದರು.

ಆಮೇಲೆ ಅವರು ಬಂದಾಗಲೆಲ್ಲ, ಕಾಲು ತೊಳೆದು ಜಗಲಿಯಲ್ಲಿ ಕುಳಿತ ಕೂಡಲೇ, ಅವರೆಲ್ಲ ನನ್ನ ಕಡೆಯ ನೆಂಟರೇನೋ ಎಂಬಂತೆ ಕೇಳುತ್ತಿದ್ದರು: "ನಿಮ್ಮ ದ್ವೀಪದೋರು ಹೇಗಿದಾರೆ ಮೇಷ್ಟ್ರೇ?" ನಾನೂ ಪ್ರತಿ ಸಲ "ಚೆನ್ನಾಗಿದಾರೆ" ಎನ್ನುತ್ತಿದ್ದೆ. ಅವರಲ್ಲಿ ಒಬ್ಬನಾದರೂ ದೋಣಿ ಹತ್ತಿದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.